ಮುಂಗಾರಿಗೆ ಮೊದಲೋ, ಮಾಗಿಗೆ ಮೊದಲೋ?

ದಸರೆ ಮುಗಿದು ದೀಪಾವಳಿಗೆ ಇನ್ನೂ ದಿನವಿರುವಾಗ ನ್ಯೂಜೆರ್ಸಿಯಿಂದಲೋ ಲಂಡನ್ನಿನಿಂದಲೋ ಮೈಸೂರಿನ ಮನೆಗೆ ಫೋನು ಬರುತ್ತದೆ. 'ಅಮ್ಮಾ, ಫ್ಲೂ ಶಾಟ್ ಹಾಕಿಸ್ಕೊಂಡ್ಯಾ? ಚಳಿ ಶುರುವಾಗೋಕ್ಕೆ ಮುಂಚೆ ಹಾಕಿಸ್ಕೋಬೇಕು. ಅಪ್ಪಂಗೂ ಹೇಳು.' ಅಮ್ಮ 'ಆಯ್ತಪ್ಪ, ನೋಡೋಣ' ಅನ್ನುತ್ತಾಳೆ. ಆ ನೋಡೋಣಕ್ಕೆ ಏನರ್ಥ ಎಂದು ಇಬ್ಬರಿಗೂ ಗೊತ್ತು. ಅದೇ ವಾರ ಆಸ್ಪತ್ರೆಗಳ ಜಾಹೀರಾತುಗಳೂ ಮೊಬೈಲಿಗೆ ಬಂದು ಬೀಳುತ್ತವೆ: ಉಣ್ಣೆ ಟೋಪಿ ಹಾಕಿಕೊಂಡ ಮಗು, ಹಿಂದೆ ಹಿಮದ ಚಿತ್ರ, ಚಳಿಗಾಲಕ್ಕೆ ಮೊದಲು ಲಸಿಕೆ. ಬೆಂಗಳೂರಿನಲ್ಲಿ ಹಿಮ ಯಾವತ್ತು ಬಿದ್ದಿತ್ತು ಎಂದು ಯಾರೂ ಕೇಳುವುದಿಲ್ಲ.

ಮಗ ಹೇಳಿದ್ದರಲ್ಲಿ ತಪ್ಪಿಲ್ಲ. ಅವನಿರುವ ಊರಿಗೆ ಆ ಮಾತು ಸರಿ. ಅಲ್ಲಿ ಫ್ಲೂ ಕಾಲಿಡುವುದು ಎಲೆ ಉದುರಿದ ಮೇಲೆ, ಏರುವುದು ಡಿಸೆಂಬರ್-ಫೆಬ್ರವರಿಯ ನಡುವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಔಷಧಿ ಅಂಗಡಿಗಳಲ್ಲಿ ಲಸಿಕೆ ಚುಚ್ಚುತ್ತಾರೆ. ಆದರೆ ಮೈಸೂರಿನ ಅಮ್ಮನ ಮಟ್ಟಿಗೆ ಆ ಕ್ಯಾಲೆಂಡರು ಸುಮಾರು ಅರ್ಧ ವರ್ಷದಷ್ಟು ಆಚೀಚೆ. ದಸರೆ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಫ್ಲೂ ವರ್ಷದ ತನ್ನ ದೊಡ್ಡ ಸುತ್ತನ್ನು ಮುಗಿಸಿರುತ್ತದೆ. ಜುಲೈ-ಆಗಸ್ಟಿನಲ್ಲಿ ಮನೆಮಂದಿಯೆಲ್ಲ ಒಬ್ಬರಾದ ಮೇಲೆ ಒಬ್ಬರು ಮಲಗಿ, 'ಏನೋ ವೈರಲ್ ಫೀವರ್ ಅಂತೆ, ಎಲ್ಲ ಕಡೆ ಇದೆ' ಎಂದುಕೊಂಡು, ಗಣೇಶನ ಹಬ್ಬದ ಹೊತ್ತಿಗೆ ಎದ್ದು ಓಡಾಡಿದ್ದು ಬಹಳ ಸಲ ಇದೇ ಇನ್‌ಫ್ಲುಯೆಂಜಾ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗಾಲಯಗಳು 2009ರ ನಂತರದ ವರ್ಷಗಳಲ್ಲಿ ದೇಶದ ಹಲವು ನಗರಗಳಿಂದ ಗಂಟಲ ದ್ರವದ ಮಾದರಿ ತರಿಸಿ, ಯಾವ ತಿಂಗಳಲ್ಲಿ ಎಷ್ಟು ಜನರಲ್ಲಿ ಫ್ಲೂ ವೈರಸ್ ಸಿಗುತ್ತದೆ ಎಂದು ಲೆಕ್ಕ ಹಾಕಿದವು. ಶ್ರೀನಗರ ಒಂದೇ ಯುರೋಪು, ಅಮೆರಿಕದ ಹಾದಿ ಹಿಡಿದಿತ್ತು. ಅಲ್ಲಿ ಜನವರಿಯಿಂದ ಮಾರ್ಚ್ ಫ್ಲೂ ಕಾಲ. ದಿಲ್ಲಿ, ಪುಣೆ, ಕೋಲ್ಕತ್ತದಂಥ ಊರುಗಳಲ್ಲಿ ವೈರಸ್ ಏರಿದ್ದು ಮಳೆಯ ಜೊತೆಗೆ. ಈಶಾನ್ಯ ಮಾರುತದ ಮಳೆಗೆ ಕಾಯುವ ಚೆನ್ನೈ ಕಡೆ ಅದು ಇನ್ನಷ್ಟು ತಡವಾಗಿ, ಅಕ್ಟೋಬರ್ ದಾಟಿ ಏರುತ್ತಿತ್ತು. ಅಂದರೆ ಕಾಶ್ಮೀರವನ್ನು ಬಿಟ್ಟರೆ ನಮ್ಮ ದೇಶದ ಬಹುಪಾಲಿಗೆ ಫ್ಲೂ ಮಳೆಗಾಲದ ಕಾಯಿಲೆ. ಕರ್ನಾಟಕದಲ್ಲೂ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಂದು ಏರು. ಆಮೇಲೆ ಸಂಕ್ರಾಂತಿಯಿಂದ ಯುಗಾದಿಯ ನಡುವೆ ಇನ್ನೊಂದು, ಕೆಲವು ವರ್ಷ ಸಣ್ಣದು, ಕೆಲವು ವರ್ಷ ದೊಡ್ಡದೇ.

ಹಳ್ಳಿಯವರಿಗೆ ಇದನ್ನು ಇಂಗ್ಲಿಷ್ ತಿಂಗಳಲ್ಲಿ ಹೇಳುವುದಕ್ಕಿಂತ ಮಳೆ ನಕ್ಷತ್ರದಲ್ಲಿ ಹೇಳುವುದು ಸುಲಭ. ಮೃಗಶಿರಾ ಮಳೆಗೆ ಶಾಲೆಗಳು ಶುರುವಾಗಿರುತ್ತವೆ. ಆರಿದ್ರಾ, ಪುನರ್ವಸು ಹೊತ್ತಿಗೆ ಮಕ್ಕಳ ಮೂಗು ಸೋರಲು ಆರಂಭ. ಪುಷ್ಯ, ಆಶ್ಲೇಷದಲ್ಲಿ ಕ್ಲಿನಿಕ್ಕಿನ ಬೆಂಚುಗಳು ತುಂಬಿ ಜನ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಲಸಿಕೆ ಹಾಕಿಸಿಕೊಂಡ ಮೇಲೆ ಮೈಯಲ್ಲಿ ಪ್ರತಿಕಾಯ ತಯಾರಾಗಲು ಸುಮಾರು ಎರಡು ವಾರ ಬೇಕು. ಹಿಂದಕ್ಕೆ ಎಣಿಸಿಕೊಂಡು ಬಂದರೆ ಭರಣಿ ಅಥವಾ ಕೃತ್ತಿಕೆ ಮಳೆಯ ದಿನಗಳು, ಅಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳು ಪ್ರಶಸ್ತ. ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಕಾಲದಲ್ಲಿ ಫ್ಲೂ ಲಸಿಕೆಯ ನೆನಪು ಯಾರಿಗೂ ಬರುವುದಿಲ್ಲ ಎನ್ನುವುದೇ ತೊಂದರೆ. ನಲವತ್ತು ಡಿಗ್ರಿ ಬಿಸಿಲಿನ ರಾಯಚೂರಿನಲ್ಲಿ ನಿಂತು ನೆಗಡಿಗೆ ಇಂಜೆಕ್ಷನ್ ಕೇಳುವವನನ್ನು ಜನ ಹೇಗೆ ನೋಡಿಯಾರು!

ಚಳಿಗೂ ಫ್ಲೂಗೂ ಇರುವ ನಂಟು ಪೂರ್ತಿ ಮೂಢನಂಬಿಕೆಯೇನಲ್ಲ. ಅದನ್ನು ಪ್ರಯೋಗದಿಂದ ತೋರಿಸಿಕೊಟ್ಟವು ಗಿನಿಪಿಗ್‌ಗಳು. ಆ ಕಥೆ ಸ್ವಾರಸ್ಯವಾಗಿದೆ. ಫ್ಲೂ ಸಂಶೋಧನೆಗೆ ಬಹುಕಾಲ ಬಳಸಿದ್ದು ಫೆರೆಟ್ ಎಂಬ ಮುಂಗುಸಿಯ ಗಾತ್ರದ ಪ್ರಾಣಿಯನ್ನು. 1933ರಲ್ಲಿ ಲಂಡನ್ನಿನಲ್ಲಿ ಮನುಷ್ಯರ ಫ್ಲೂ ವೈರಸನ್ನು ಮೊದಲು ಬೇರ್ಪಡಿಸಿದ್ದೂ ಅದರ ಸಹಾಯದಿಂದಲೇ. ಆದರೆ ಫೆರೆಟ್ ದುಬಾರಿ, ಸಾಕುವುದೂ ಕಷ್ಟ. ನ್ಯೂಯಾರ್ಕಿನ ಮೌಂಟ್ ಸಿನಾಯ್ ಸಂಸ್ಥೆಯ ಪೀಟರ್ ಪಲೇಸಿ ಅವರಿಗೆ ಹಳೆಯದೊಂದು ವರದಿ ಸಿಕ್ಕಿತು: 1918ರ ಮಹಾಮಾರಿಯ ಕಾಲದಲ್ಲಿ ನ್ಯೂ ಮೆಕ್ಸಿಕೋದ ಕ್ಯಾಂಪ್ ಕೋಡಿ ಎಂಬ ಸೇನಾ ಶಿಬಿರದಲ್ಲಿ ಸೈನಿಕರ ಜೊತೆಗೆ ಪ್ರಯೋಗಾಲಯದ ಗಿನಿಪಿಗ್‌ಗಳೂ ಸತ್ತಿದ್ದವು. ಹಾಗಾದರೆ ಇವಕ್ಕೂ ಫ್ಲೂ ತಗಲುತ್ತದಲ್ಲ ಎಂದು ಪ್ರಯತ್ನಿಸಿದರು; ತಗುಲಿತು. 2007ರಲ್ಲಿ ಅವರೂ ಆನಿಸ್ ಲೋವೆನ್ ಮತ್ತು ಜೊತೆಗಾರರೂ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಐದು ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ, ಒಣಗಾಳಿಯಲ್ಲಿ, ಒಂದು ಪಂಜರದಿಂದ ಪಕ್ಕದ ಪಂಜರಕ್ಕೆ ವೈರಸ್ ಗಾಳಿಯ ಮೂಲಕ ಸಲೀಸಾಗಿ ದಾಟಿತು. ಮೂವತ್ತು ಡಿಗ್ರಿಯಲ್ಲಿ ದಾಟಲೇ ಇಲ್ಲ.

ಹಾಗಿದ್ದ ಮೇಲೆ ಮಂಗಳೂರಿನ ಧಗೆಯಲ್ಲಿ, ಬಟ್ಟೆ ಒಣಗದ ಜುಲೈ ತಿಂಗಳಲ್ಲಿ ಫ್ಲೂ ಏಕೆ ಏರಬೇಕು? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಅದೇ ತಂಡ ಮರುವರ್ಷ ಇನ್ನೊಂದು ಅಂಶವನ್ನೂ ಕಂಡಿತು: ಮೂವತ್ತು ಡಿಗ್ರಿಯಲ್ಲೂ ಒಂದೇ ಪಂಜರದಲ್ಲಿ ಮೈಗೆ ಮೈ ತಾಗಿಸಿಕೊಂಡಿದ್ದ ಗಿನಿಪಿಗ್‌ಗಳ ನಡುವೆ ಕಾಯಿಲೆ ಹರಡುವುದು ನಿಂತಿರಲಿಲ್ಲ. ಆಮೇಲೆ ಜಗತ್ತಿನ ನಾನಾ ಊರುಗಳ ಹವಾಮಾನವನ್ನೂ ಫ್ಲೂ ಲೆಕ್ಕವನ್ನೂ ಜೋಡಿಸಿ ನೋಡಿದವರು, ಈ ಕಾಯಿಲೆಗೆ ಎರಡು ಬಗೆಯ ಹವೆ ಹಿಡಿಸುತ್ತದೆ ಎಂದರು: ಒಂದು ಒಣ ಚಳಿ, ಇನ್ನೊಂದು ತೇವದ ಮಳೆ. ನಡುವಿನ ಹಿತವಾದ ಹವೆ ಮಾತ್ರ ಅದಕ್ಕೆ ಒಗ್ಗುವುದಿಲ್ಲ. ನನ್ನ ಮಟ್ಟಿಗೆ, ಮಳೆಗಾಲದ ಸರ್ಕಾರಿ ಶಾಲೆಯ ಒಂದು ಕೋಣೆಯನ್ನು ನೋಡಿದವರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಲಾರದು. ಇರಚಲು ಹೊಡೆಯುತ್ತದೆಂದು ಕಿಟಕಿ ಬಾಗಿಲು ಮುಚ್ಚಿ, ಒದ್ದೆ ಯೂನಿಫಾರ್ಮಿನ ಐವತ್ತು ಮಕ್ಕಳು ಬೆಂಚಿಗೆ ನಾಲ್ವರಂತೆ ಅಂಟಿಕೊಂಡು ಕೂತಿರುತ್ತಾರೆ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೂ ಅದೇ: ಗಾಜು ಎಳೆದ ಕಿಟಕಿ, ಒಳಗೆ ಐದಾರು ಕೆಮ್ಮು.

ಮಳೆಗಾಲದ ತಿಂಗಳುಗಳಲ್ಲಿ ಎರಗಿದ ಫ್ಲೂನ ಅತಿ ಭೀಕರ ನೆನಪು ನಮ್ಮ ಇತಿಹಾಸದಲ್ಲೇ ಇದೆ. 1918ರ ಜೂನ್‌ನಲ್ಲಿ, ಮುಂಗಾರು ಬರುವ ಹೊತ್ತಿಗೆ, ಬೊಂಬಾಯಿಯ ಕೆಲವು ಪೊಲೀಸ್ ಸಿಪಾಯಿಗಳು ಜ್ವರ ಬಂದು ಆಸ್ಪತ್ರೆ ಸೇರಿದರು. ಮೊದಲ ಸುತ್ತು ಸೌಮ್ಯವಾಗಿತ್ತು. ಸೆಪ್ಟೆಂಬರ್‌ನಲ್ಲಿ ಎರಡನೆಯ ಸುತ್ತು ಎದ್ದು ರೈಲು ಮಾರ್ಗಗಳ ಗುಂಟ ದೇಶದ ಒಳಗೆಲ್ಲ ಹೋಯಿತು. ಆ ವರ್ಷ ಮಳೆ ಕೈಕೊಟ್ಟು ಬರ ಬೇರೆ ಬಿದ್ದಿತ್ತು; ಹಸಿದ ಮೈಗೆ ಜ್ವರ ಎರಗಿತು. ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು ಎಂಬುದು ಬಹುತೇಕ ಇತಿಹಾಸಕಾರರ ಅಂದಾಜು. 1911 ಮತ್ತು 1921ರ ಜನಗಣತಿಗಳ ನಡುವೆ ದೇಶದ ಜನಸಂಖ್ಯೆ ಏರುವ ಬದಲು ಇಳಿದಿತ್ತು. ನಮ್ಮ ಗಣತಿಯ ದಾಖಲೆಯಲ್ಲಿ ಹಾಗೆ ಇಳಿದ ದಶಕ ಅದೊಂದೇ. ಕುಟುಂಬಗಳ ವಂಶವೃಕ್ಷ ಬರೆಯುವವರು ಆ ಒಂದೆರಡು ವರ್ಷಗಳಲ್ಲಿ ಹಲವು ಕೊಂಬೆಗಳು ಒಟ್ಟಿಗೆ ಕೊನೆಯಾಗುವುದನ್ನು ಕಾಣುತ್ತಾರೆ.

ನಮ್ಮ ಕಾಲದ ನೆನಪು 2009ರದು. ಮೇ ತಿಂಗಳಲ್ಲಿ ವಿದೇಶದಿಂದ ಹೈದರಾಬಾದಿಗೆ ಬಂದಿಳಿದ ಪ್ರಯಾಣಿಕರೊಬ್ಬರಲ್ಲಿ ಹೊಸ ಎಚ್1ಎನ್1 ಮೊದಲು ಪತ್ತೆಯಾಯಿತು. ಆಗಸ್ಟಿನ ಮಳೆಯಲ್ಲಿ ಪುಣೆಯಿಂದ ಸಾವಿನ ಸುದ್ದಿ ಬಂದಾಗ ಕರ್ನಾಟಕದಲ್ಲೂ ಜನ ಮುಖಗವಸಿಗೆ ಮುಗಿಬಿದ್ದರು. ಪತ್ರಿಕೆಗಳು ಅದನ್ನು ಹಂದಿ ಜ್ವರ ಎಂದು ಕರೆದು ಪಾಪದ ಹಂದಿ ಸಾಕುವವರ ಹೊಟ್ಟೆಯ ಮೇಲೆ ಹೊಡೆದವು. ಅಂದು ಹೊಸದಾಗಿದ್ದ ಆ ವೈರಸ್ ಇಂದು ವರ್ಷವರ್ಷ ಬಂದು ಹೋಗುವ ಸಾಮಾನ್ಯ ಫ್ಲೂಗಳಲ್ಲಿ ಒಂದು. ಸಾಮಾನ್ಯ ಎಂದ ಮಾತ್ರಕ್ಕೆ ಸಾಧು ಎಂದಲ್ಲ. 2015ರಲ್ಲಿ ದೇಶದಲ್ಲಿ ದಾಖಲಾದ ಎಚ್1ಎನ್1 ಪ್ರಕರಣಗಳು 42,000ಕ್ಕೂ ಹೆಚ್ಚು, ಸಾವು ಸುಮಾರು 3,000. ಆ ಏರು ಬಂದದ್ದು ಮಳೆಯಲ್ಲಲ್ಲ, ಜನವರಿಯಿಂದ ಮಾರ್ಚ್ ನಡುವೆ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಹಿರಿಯರೊಬ್ಬರ ಸಾವು ಎಚ್3ಎನ್2 ಹೆಸರನ್ನು ರಾತ್ರೋರಾತ್ರಿ ಮನೆಮಾತು ಮಾಡಿತು. ಹಾಗಾಗಿ 'ಚಳಿಗಾಲಕ್ಕೆ ಮೊದಲು' ಎಂಬ ಮಾತನ್ನು ಪೂರ್ತಿ ಕಸದ ಬುಟ್ಟಿಗೆ ಹಾಕುವಂತಿಲ್ಲ. ಎರಡನೆಯ ಏರಿಗೆ ಅದು ಉಪಯೋಗಕ್ಕೆ ಬರುತ್ತದೆ. ಒಂದೇ ಸಲ ದುಡ್ಡು ಖರ್ಚು ಮಾಡುವುದಾದರೆ ಯಾವಾಗ ಮಾಡಬೇಕು ಎಂಬ ಪ್ರಶ್ನೆಗೆ ಮಾತ್ರ ನಮ್ಮ ಊರಿನ ಉತ್ತರ, ಮುಂಗಾರಿಗೆ ಮೊದಲು.

ವರ್ಷವರ್ಷ ಏಕೆ ಚುಚ್ಚಿಸಿಕೊಳ್ಳಬೇಕು, ದಡಾರದ್ದು ಚಿಕ್ಕಂದಿನಲ್ಲಿ ಹಾಕಿದರೆ ಸಾಕಲ್ಲ ಎಂದು ಕೇಳುವವರಿಗೆ ಲಸಿಕೆಯ ಡಬ್ಬಿಯನ್ನೇ ತೋರಿಸಬೇಕು. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಊರು, ದೇಶಗಳ ಹೆಸರು ಅಚ್ಚಾಗಿರುತ್ತದೆ. ದಕ್ಷಿಣಾರ್ಧಗೋಳಕ್ಕೆಂದು 2025ಕ್ಕೆ ಶಿಫಾರಸಾದ, ಮೊಟ್ಟೆಯಲ್ಲಿ ಬೆಳೆಸುವ ಲಸಿಕೆಯ ತಳಿಗಳು ಇವು: ಎ/ವಿಕ್ಟೋರಿಯಾ/4897/2022, ಎ/ಕ್ರೊಯೇಷಿಯಾ/10136ಆರ್‌ವಿ/2023, ಬಿ/ಆಸ್ಟ್ರಿಯಾ/1359417/2021. ಮೊದಲನೆಯದು ವೈರಸ್ಸಿನ ಬಗೆ, ಆಮೇಲೆ ಅದು ಸಿಕ್ಕಿದ ಜಾಗ, ಮಾದರಿಯ ಸಂಖ್ಯೆ, ಕೊನೆಗೆ ವರ್ಷ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2022ರಲ್ಲಿ ಯಾರೋ ಒಬ್ಬರ ಮೂಗಿನಿಂದ ತೆಗೆದ ವೈರಸ್ಸಿನ ಮೇಲ್ಮೈ ಪ್ರೋಟೀನು ದಾವಣಗೆರೆಯ ಅಜ್ಜಿಯ ತೋಳಿಗೆ ಬಂದು ಸೇರುತ್ತದೆ. ನಾಲ್ಕು ತಳಿಗಳ ಡಬ್ಬಿಯಾದರೆ ಬಿ/ಫುಕೆಟ್/3073/2013 ಎಂಬ ಇನ್ನೊಂದು ಹೆಸರಿರುತ್ತದೆ. ಥಾಯ್ಲೆಂಡಿನ ಆ ಫುಕೆಟ್ ಯಾಮಗಾಟಾ ಎಂಬ ವಂಶಕ್ಕೆ ಸೇರಿದ್ದು. ಕೋವಿಡ್ ಬಂದ 2020ರ ಮಾರ್ಚ್‌ನಿಂದ ಈಚೆಗೆ ಆ ವಂಶದ ವೈರಸ್ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಸಿಕ್ಕಿಲ್ಲ. ನಾವೆಲ್ಲ ಬಾಗಿಲು ಹಾಕಿಕೊಂಡು ಕೂತ ಕಾಲದಲ್ಲಿ ಅದು ಅಳಿದೇ ಹೋಗಿರಬೇಕು. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ ನಾಲ್ಕನೆಯ ತಳಿ ಇನ್ನು ಬೇಡ ಎಂದಿದೆ. ಅಂಗಡಿಯವರು 'ನಾಲ್ಕರದ್ದು ಮೂರರದಕ್ಕಿಂತ ಸ್ಟ್ರಾಂಗು' ಎಂದರೆ ಒಪ್ಪಿಕೊಳ್ಳಬೇಕಾಗಿಲ್ಲ.

ಈ ತಳಿಗಳನ್ನು ಆರಿಸಲು ವರ್ಷಕ್ಕೆ ಎರಡು ಸಭೆ. ಫೆಬ್ರವರಿಯಲ್ಲಿ ಉತ್ತರಾರ್ಧಗೋಳದ ಮುಂದಿನ ಚಳಿಗಾಲಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಾರ್ಧಗೋಳಕ್ಕೆ. 1952ರಿಂದ ನಡೆದುಬಂದ ಜಾಗತಿಕ ಕಣ್ಗಾವಲಿನ ಜಾಲವೊಂದು ಇದಕ್ಕೆ ಮಾಹಿತಿ ಒದಗಿಸುತ್ತದೆ. ನಮ್ಮ ಕಡೆಯಿಂದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದರಲ್ಲಿದೆ. ವೈರಸ್ಸಿನ ಮೈಮೇಲಿನ ಎರಡು ಪ್ರೋಟೀನುಗಳೇ ಎಚ್ ಮತ್ತು ಎನ್. ವೈರಸ್ ತನ್ನ ಪ್ರತಿ ಮಾಡಿಕೊಳ್ಳುವಾಗ ತಪ್ಪು ಮಾಡುತ್ತಲೇ ಇರುತ್ತದೆ, ಆ ತಪ್ಪುಗಳಿಂದ ಎಚ್‌ನ ಆಕಾರ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ, ಕೊನೆಗೊಂದು ದಿನ ಹಳೆಯ ಪ್ರತಿಕಾಯಕ್ಕೆ ಗುರುತು ಸಿಗುವುದಿಲ್ಲ. ಇದು 1947ರಲ್ಲೇ ಅಮೆರಿಕನ್ನರಿಗೆ ಅರಿವಾಗಿತ್ತು: ಥಾಮಸ್ ಫ್ರಾನ್ಸಿಸ್ ಮತ್ತು ಜೋನಸ್ ಸಾಲ್ಕ್ ಸೇನೆಗಾಗಿ ತಯಾರಿಸಿದ್ದ, ಎರಡು ವರ್ಷ ಹಿಂದಷ್ಟೇ ಪರವಾನಗಿ ಪಡೆದಿದ್ದ ಲಸಿಕೆ ಆ ವರ್ಷ ಏನೂ ಕೆಲಸ ಮಾಡಲಿಲ್ಲ, ವೈರಸ್ ಅಷ್ಟು ಬದಲಾಗಿತ್ತು. ಸಭೆ ನಡೆದು ಲಸಿಕೆ ಮಾರುಕಟ್ಟೆಗೆ ಬರಲು ಆರು ತಿಂಗಳಾದರೂ ಹಿಡಿಯುತ್ತದೆ. ಹಾಗಾಗಿ ತಜ್ಞರು ಹೇಳುವುದು ಹವಾಮಾನ ಇಲಾಖೆಯವರ ಮುಂಗಾರು ಮುನ್ಸೂಚನೆಯ ಹಾಗೆ: ಬಹಳ ಸಲ ಸರಿ, ಕೆಲವು ವರ್ಷ ಛತ್ರಿ ಮನೆಯಲ್ಲೇ ಉಳಿದಿರುತ್ತದೆ.

ಇಲ್ಲೇ ನಮಗೊಂದು ತಮಾಷೆಯ ಸಂಗತಿ ಇದೆ. ಬೆಂಗಳೂರು ಇರುವುದು ಭೂಮಧ್ಯರೇಖೆಯ ಉತ್ತರಕ್ಕೆ. ಫ್ಲೂ ವಿಷಯದಲ್ಲಿ ಮಾತ್ರ ಅದರ ಜೊತೆಗಾರ ಸಿಡ್ನಿ. ಅಲ್ಲಿ ಜೂನ್-ಆಗಸ್ಟ್ ಚಳಿಗಾಲ, ಇಲ್ಲಿ ಮಳೆಗಾಲ. ಎರಡೂ ಕಡೆ ಫ್ಲೂ ಏರುವುದು ಆಗಲೇ. ಸೆಪ್ಟೆಂಬರ್ ಸಭೆಯ ಸೂತ್ರದಂತೆ ತಯಾರಾದ ದಕ್ಷಿಣಾರ್ಧಗೋಳದ ಲಸಿಕೆ ಬೇಸಿಗೆಯ ಹೊತ್ತಿಗೆ ಬರುತ್ತದೆ, ನಮ್ಮ ಮುಂಗಾರಿಗೆ ಹೊಂದುವುದು ಅದೇ. ಸಿಡ್ನಿಯಲ್ಲಿರುವ ಮಗಳು ಏಪ್ರಿಲ್‌ನಲ್ಲಿ ಫೋನು ಮಾಡಿ 'ಹಾಕಿಸ್ಕೊಂಡ್ಯೇನಮ್ಮ' ಎಂದರೆ ಅವಳ ಮಾತು ಕೇಳಬೇಕು, ನ್ಯೂಜೆರ್ಸಿಯ ಮಗ ಅಕ್ಟೋಬರ್‌ನಲ್ಲಿ ಹೇಳುವುದಕ್ಕೆ ಕಾಯಬಾರದು.

ಇನ್ನು ಮೊಟ್ಟೆಯ ಪ್ರಶ್ನೆ. ಫ್ಲೂ ಲಸಿಕೆಯ ಬಹುಭಾಗ ಇವತ್ತಿಗೂ ತಯಾರಾಗುವುದು ಕಾವಿಗೆ ಇಟ್ಟ ಕೋಳಿಮೊಟ್ಟೆಯೊಳಗೆ. ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ 1930ರ ದಶಕದಲ್ಲಿ ಪಳಗಿಸಿದ ವಿಧಾನ ಇದು. ವೈರಸನ್ನು ಮೊಟ್ಟೆಯೊಳಗೆ ಬೆಳೆಸಿ, ತೆಗೆದು, ಕೊಂದು, ಒಡೆದು, ಶುದ್ಧ ಮಾಡುತ್ತಾರೆ. ಸುಮಾರಾಗಿ ಒಂದು ಡೋಸಿಗೆ ಒಂದು ಮೊಟ್ಟೆ ಎಂಬ ಲೆಕ್ಕ. ಬಿಸಿಯೂಟದ ಮೊಟ್ಟೆಗೇ ವರ್ಷಗಟ್ಟಲೆ ಜಗಳವಾಡಿದ ನಾಡಿನಲ್ಲಿ ಈ ಸುದ್ದಿ ಗೊತ್ತಾದರೆ ಮುಖ ಸಿಂಡರಿಸುವವರು ಇದ್ದೇ ಇರುತ್ತಾರೆ. ಜೀವಕೋಶದಲ್ಲಿ ಬೆಳೆಸಿದ ಲಸಿಕೆಯೂ ಉಂಟಲ್ಲ ಎಂದು ಅವರಿಗೆ ಸಮಾಧಾನ ಹೇಳಹೊರಟರೆ ಇನ್ನೂ ಫಜೀತಿ, ಏಕೆಂದರೆ ಆ ಜೀವಕೋಶಗಳ ಮೂಲ ನಾಯಿಯ ಮೂತ್ರಪಿಂಡ. ಸಸ್ಯಾಹಾರಿ ಸ್ನೇಹಿತರಿಗೆ ನಾನು ಹೇಳುವುದಿಷ್ಟೇ: ತೋಳಿಗೆ ಹೋಗುವುದು ಅರ್ಧ ಮಿಲಿಲೀಟರ್ ದ್ರವ, ಅದರಲ್ಲಿ ಮೊಟ್ಟೆಯ ಅಂಶ ಉಳಿದಿರುವುದು ಲೇಶಮಾತ್ರ. ಮೊಟ್ಟೆಯ ಅಲರ್ಜಿ ಇರುವವರೂ ಈಗ ಇದನ್ನು ಹಾಕಿಸಿಕೊಳ್ಳಬಹುದು ಎಂದೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಈ ಹಿಂದೆ ಇದೇ ಲಸಿಕೆಗೆ ಗಂಭೀರ ಅಲರ್ಜಿ ಆದವರು ಮಾತ್ರ ದೂರವಿರಬೇಕು.

ಕಳೆದ ಬೇಸಿಗೆಯಲ್ಲಿ ಪರಿಚಯದ ವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಕೂತಿದ್ದಾಗ ಸೆರಗು ಬಿಗಿಯಾಗಿ ಹೊದ್ದುಕೊಂಡ ಹೆಂಗಸೊಬ್ಬರು ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು: 'ಡಾಕ್ಟ್ರೇ, ಇದು ಹಾಕಿಸ್ಕೊಂಡ್ರೆ ಜ್ವರ ಬರತ್ತಂತಲ್ಲ? ನಮ್ಮ ಓರಗಿತ್ತಿ ಹಾಕಿಸ್ಕೊಂಡು ಎರಡು ದಿನ ಮಲಗಿದ್ಳು.' ವೈದ್ಯರು ಫ್ರಿಜ್ಜಿನಿಂದ ತೆಗೆದ ಪುಟ್ಟ ಸಿರಿಂಜನ್ನು ಎರಡೂ ಅಂಗೈ ನಡುವೆ ಹಿಡಿದು ತಣುಪು ಕಳೆಯುತ್ತಿದ್ದರು. 'ಬರಬಹುದಮ್ಮ. ತೋಳು ನೋಯತ್ತೆ, ಒಂದು ದಿನ ಮೈ ಬಿಸಿಯಾಗಬಹುದು. ಅದು ಫ್ಲೂ ಅಲ್ಲ. ಇದರಲ್ಲಿರೋದು ಸತ್ತ ವೈರಸ್ಸಿನ ಚೂರು, ಅದಕ್ಕೆ ಮತ್ತೆ ಬೆಳೆಯೋಕ್ಕಾಗಲ್ಲ.' 'ಹಾಗಾದ್ರೆ ಹಾಕಿಸ್ಕೊಂಡ ಮೇಲೆ ಫ್ಲೂ ಬರೋದೇ ಇಲ್ವಾ?' ವೈದ್ಯರು ನಕ್ಕರು. 'ಅದನ್ನ ಹೇಳಿದ್ರೆ ಸುಳ್ಳು ಹೇಳಿದ ಹಾಗಾಗತ್ತೆ.' ಆಕೆ ಒಂದು ಕ್ಷಣ ಯೋಚಿಸಿ ಸೆರಗು ಸರಿಸಿ ತೋಳು ಕೊಟ್ಟರು. ಹತ್ತಿ ಒತ್ತಿಕೊಂಡು ಏಳುವಾಗ, 'ಇಷ್ಟೇನಾ?' ಎಂದರು, ಕೊಟ್ಟ ದುಡ್ಡಿಗೆ ಇನ್ನೂ ಸ್ವಲ್ಪ ದೊಡ್ಡ ಸೂಜಿ ನಿರೀಕ್ಷಿಸಿದ್ದವರ ಹಾಗೆ.

ಆ ವೈದ್ಯರ ಪ್ರಾಮಾಣಿಕತೆ ನನಗೆ ಹಿಡಿಸಿತು, ಏಕೆಂದರೆ ಫ್ಲೂ ಲಸಿಕೆ ಪೋಲಿಯೋ ಲಸಿಕೆಯಲ್ಲ. ತಳಿಯ ಆಯ್ಕೆ ಸರಿಯಾಗಿ ಕೂತ ವರ್ಷದಲ್ಲಿ ಅದು ವೈದ್ಯರ ಹತ್ತಿರ ಹೋಗುವಷ್ಟು ಫ್ಲೂ ಬರುವ ಸಾಧ್ಯತೆಯನ್ನು ಶೇ 40ರಿಂದ 60ರಷ್ಟು ತಗ್ಗಿಸುತ್ತದೆ, ಅಷ್ಟೇ. ಇದರ ಅರ್ಥ ಲಸಿಕೆ ಹಾಕಿಸಿಕೊಂಡ ನೂರರಲ್ಲಿ ಐವತ್ತು ಮಂದಿಗೆ ಫ್ಲೂ ಬರುತ್ತದೆ ಎಂದಲ್ಲ. ಒಂದು ಬೀದಿಯಲ್ಲಿ ಲಸಿಕೆ ಇಲ್ಲದ ನೂರು ಜನರಲ್ಲಿ ಹತ್ತು ಮಂದಿ ಮಲಗಿದರೆ, ಲಸಿಕೆ ಇದ್ದ ನೂರರಲ್ಲಿ ಐದು ಮಂದಿ ಮಲಗುತ್ತಾರೆ ಎಂದು. ಆ ಐವರಲ್ಲೂ ಐಸಿಯು ತಲುಪುವವರು ಕಡಿಮೆ. ಜೊತೆಗೆ ನೆಗಡಿ ತರುವ ಇತರ ನೂರಾರು ವೈರಸ್ಸುಗಳ ತಂಟೆಗೆ ಈ ಲಸಿಕೆ ಹೋಗುವುದೇ ಇಲ್ಲ. ಹಾಗಾಗಿ 'ಹಾಕಿಸ್ಕೊಂಡ್ರೂ ಶೀತ ಆಯ್ತು' ಎಂಬ ದೂರು ಎಂದೂ ನಿಲ್ಲುವುದಿಲ್ಲ. ಲಸಿಕೆಯ ಶಕ್ತಿಯೂ ಕೆಲವೇ ತಿಂಗಳಲ್ಲಿ ಕುಗ್ಗುತ್ತದೆ, ವಯಸ್ಸಾದವರಲ್ಲಿ ಬೇಗ. ಮಲೆನಾಡಿನವರಿಗೆ ಕಾಲಕಾಲದ ಲಸಿಕೆ ಹೊಸದೇನಲ್ಲ. ಮಂಗನ ಕಾಯಿಲೆಗೆ ವರ್ಷಗಟ್ಟಲೆ ಚುಚ್ಚಿಸಿಕೊಂಡು, ಕೊನೆಗೆ ಅದು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಸರ್ಕಾರವೇ 2022ರಲ್ಲಿ ನಿಲ್ಲಿಸಿದ್ದನ್ನು ಶಿವಮೊಗ್ಗ ಜಿಲ್ಲೆಯ ಜನ ನೋಡಿದ್ದಾರೆ. ಅವರೆದುರು ಫ್ಲೂ ಲಸಿಕೆಯನ್ನು ರಾಮಬಾಣ ಎಂದು ಮಾರಲು ಹೋದರೆ ಮರ್ಯಾದೆ ಉಳಿಯುವುದಿಲ್ಲ. ಅಪರೂಪದ ಅಡ್ಡಪರಿಣಾಮವನ್ನೂ ಮುಚ್ಚಿಡಬೇಕಿಲ್ಲ: ಗಿಲ್ಲನ್-ಬಾರೆ ಎಂಬ ನರದ ಕಾಯಿಲೆ ಹತ್ತು ಲಕ್ಷಕ್ಕೆ ಒಂದೋ ಎರಡೋ ಹೆಚ್ಚಾಗಬಹುದು. ಫ್ಲೂ ತಗುಲಿದರೂ ಅದೇ ಕಾಯಿಲೆ ಬರಬಹುದು ಎಂಬುದನ್ನೂ ಜೊತೆಗೇ ಹೇಳಬೇಕು.

ಇಷ್ಟು ಅರೆಬರೆ ರಕ್ಷಣೆಗೆ ದುಡ್ಡು ಏಕೆ ಕೊಡಬೇಕು? ನನ್ನ ಉತ್ತರ ಶ್ವಾಸಕೋಶಕ್ಕಿಂತ ಹೆಚ್ಚಾಗಿ ಹೃದಯಕ್ಕೆ ಸಂಬಂಧಿಸಿದ್ದು. ಕೆನಡಾದ ಒಂಟಾರಿಯೊದಲ್ಲಿ ಪರೀಕ್ಷೆಯಲ್ಲಿ ಫ್ಲೂ ಖಚಿತವಾದವರನ್ನು ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ: ಫ್ಲೂ ಪತ್ತೆಯಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಅಪಾಯ ಬೇರೆ ದಿನಗಳಿಗಿಂತ ಸುಮಾರು ಆರು ಪಟ್ಟು. ಜ್ವರದ ಉರಿಯೂತದಿಂದ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ, ರಕ್ತನಾಳದ ಒಳಗಿನ ಕೊಬ್ಬಿನ ಗಂಟು ಬಿರಿಯುತ್ತದೆ. ಸ್ವೀಡನ್ ಮುಂದಾಳತ್ವದಲ್ಲಿ ಹೃದಯಾಘಾತವಾದ ಸುಮಾರು ಎರಡೂವರೆ ಸಾವಿರ ಮಂದಿಯ ಮೇಲೆ ನಡೆದು 2021ರಲ್ಲಿ ಹೊರಬಂದ ಪ್ರಯೋಗದಲ್ಲಿ, ಆಸ್ಪತ್ರೆಯಲ್ಲಿದ್ದಾಗಲೇ ಫ್ಲೂ ಲಸಿಕೆ ಪಡೆದವರಲ್ಲಿ ಮುಂದಿನ ಒಂದು ವರ್ಷದ ಸಾವು, ಉಪ್ಪುನೀರಿನ ಚುಚ್ಚುಮದ್ದು ಪಡೆದವರಿಗಿಂತ ಕಡಿಮೆಯಿತ್ತು. ನಮ್ಮಲ್ಲಿ 'ಜ್ವರ ಬಂದಿತ್ತು, ಸುಧಾರಿಸ್ಕೊಂಡಿದ್ರು, ಇದ್ದಕ್ಕಿದ್ದ ಹಾಗೆ ಹಾರ್ಟ್ ಅಟ್ಯಾಕ್ ಆಯ್ತು' ಎಂಬ ಮಾತನ್ನು ಸಾವಿನ ಮನೆಗಳಲ್ಲಿ ಎಷ್ಟು ಸಲ ಕೇಳಿಲ್ಲ? ಎರಡನ್ನೂ ಜೋಡಿಸಿ ನೋಡುವವರು ಕಡಿಮೆ. ಸ್ಟೆಂಟ್ ಹಾಕಿಸಿಕೊಂಡವರಿಗೆ, ಶುಗರ್-ಬಿಪಿ ಇರುವವರಿಗೆ, ಆಸ್ತಮಾದವರಿಗೆ, ಡಯಾಲಿಸಿಸ್‌ಗೆ ಹೋಗುವವರಿಗೆ ಈ ಲಸಿಕೆ ನೆಗಡಿಯ ಔಷಧಿಯಲ್ಲ. ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರೇ 10 ಕೋಟಿ ಎಂಬುದು 2023ರಲ್ಲಿ ಹೊರಬಂದ ಅಂದಾಜು.

ಗರ್ಭಿಣಿಯರದ್ದು ಇನ್ನೊಂದು ಲೆಕ್ಕ. ಆರು ತಿಂಗಳು ತುಂಬದ ಕೂಸಿಗೆ ಫ್ಲೂ ಲಸಿಕೆ ಹಾಕುವಂತಿಲ್ಲ. ಅಮ್ಮ ಬಸುರಿಯಾಗಿದ್ದಾಗ ಹಾಕಿಸಿಕೊಂಡರೆ ಅವಳ ಪ್ರತಿಕಾಯ ಮಗುವಿಗೂ ಇಳಿಯುತ್ತದೆ. ಬಾಣಂತಿ ಕೋಣೆಗೆ ಊರಿನವರೆಲ್ಲ ಮಗು ನೋಡಲು ಬಂದು, ಕೆನ್ನೆ ಹಿಂಡಿ, ಕೈಗೆ ನೂರು ರೂಪಾಯಿ ಇಟ್ಟು, ಹೋಗುವಾಗ ಬಾಯಿಗೆ ಕೈ ಅಡ್ಡ ಹಿಡಿಯದೆ ಕೆಮ್ಮಿ ಹೋಗುವ ನಮ್ಮ ಪದ್ಧತಿಯಲ್ಲಿ ಇದು ಸಣ್ಣ ವಿಷಯವಲ್ಲ. ಮಕ್ಕಳಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಪ್ರತಿ ವರ್ಷ ಹಾಕಿಸಿ ಎಂದು ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತದೆ. ಮೊದಲ ವರ್ಷ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್.

ಆದರೆ ಇದು ಸರ್ಕಾರದ ಉಚಿತ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲ. ಅಂಗನವಾಡಿಯ ಲಸಿಕೆ ಕಾರ್ಡಿನಲ್ಲಿ ಇದರ ಚೌಕವೇ ಇರುವುದಿಲ್ಲ. ಖಾಸಗಿಯಲ್ಲಿ ಒಂದು ಡೋಸಿಗೆ ಸುಮಾರು ಒಂದೂವರೆಯಿಂದ ಎರಡೂವರೆ ಸಾವಿರ ರೂಪಾಯಿ. ಗಂಡ, ಹೆಂಡತಿ, ಅಜ್ಜ, ಅಜ್ಜಿ, ಒಂದು ಮಗು ಎಂದು ಲೆಕ್ಕ ಹಾಕಿದರೆ ಕೂಲಿ ಮಾಡುವವರ ತಿಂಗಳ ದುಡಿಮೆಯ ದೊಡ್ಡ ಪಾಲು ಹೋಗುತ್ತದೆ. ಸರ್ಕಾರ ಮನಸ್ಸು ಮಾಡಿದರೆ ಕೊಡಲಾಗದು ಎಂದೇನಿಲ್ಲ: ಹಜ್ ಯಾತ್ರೆಗೆ ಹೊರಡುವವರಿಗೆ ಮೆದುಳುಜ್ವರದ ಲಸಿಕೆಯ ಜೊತೆಗೆ, ಹಿರಿಯರಿಗೆ ಫ್ಲೂ ಲಸಿಕೆಯನ್ನೂ ಸರ್ಕಾರಿ ಶಿಬಿರಗಳಲ್ಲೇ ಹಾಕಿ ಕಳಿಸುತ್ತಾರೆ. ಲಕ್ಷಗಟ್ಟಲೆ ಜನ ಒತ್ತೊತ್ತಾಗಿ ಸೇರುವ ಜಾಗಕ್ಕೆ ಹೋಗುವವರಿಗೆ ಬೇಕು ಎಂಬ ವಿವೇಕ ಅದರ ಹಿಂದಿದೆ. ಅದೇ ವಿವೇಕವನ್ನು ಜಿಲ್ಲಾಸ್ಪತ್ರೆಯ ಡಯಾಲಿಸಿಸ್ ವಾರ್ಡಿಗೂ ತಾಲ್ಲೂಕು ಆಸ್ಪತ್ರೆಯ ಗರ್ಭಿಣಿಯರ ಸಾಲಿಗೂ ವಿಸ್ತರಿಸುವುದು ನನ್ನ ಕಣ್ಣಿಗೆ ಅಂಥ ದೊಡ್ಡ ಖರ್ಚಾಗಿ ಕಾಣುವುದಿಲ್ಲ. ಎಲ್ಲರಿಗೂ ಕೊಡಿ ಎಂದು ನಾನೂ ಕೇಳುವುದಿಲ್ಲ. ಮೂವತ್ತರ ಗಟ್ಟಿ ಆಳು ಹಾಕಿಸಿಕೊಳ್ಳದಿದ್ದರೆ ಆಕಾಶವೇನೂ ಬೀಳುವುದಿಲ್ಲ. ಅವನ ಮನೆಯಲ್ಲಿ ಎಂಬತ್ತರ ಅಪ್ಪ ಇದ್ದರೆ ಮಾತು ಬೇರೆ.

ಲಸಿಕೆ ಹಾಕಿಸಿಕೊಂಡರೂ ಬಿಟ್ಟರೂ, ಜ್ವರ ಬಂದಾಗ ಮಾಡುವ ಒಂದು ಅಭ್ಯಾಸ ಮಾತ್ರ ಬಿಡಬೇಕು: ಮೆಡಿಕಲ್ ಶಾಪಿಗೆ ಹೋಗಿ ಮೂರು ದಿನದ ಅಜಿಥ್ರೊಮೈಸಿನ್ ತರುವುದು. ಅದು ಬ್ಯಾಕ್ಟೀರಿಯಾದ ಮದ್ದು, ಫ್ಲೂ ವೈರಸ್ಸಿಗೆ ಅದರ ಹೆದರಿಕೆಯೇ ಇಲ್ಲ. ಫ್ಲೂಗೆ ಇರುವ ಒಸೆಲ್ಟಮಿವಿರ್ ಕ್ಯಾಪ್ಸೂಲನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು; ಲಕ್ಷಣ ಶುರುವಾದ 48 ಗಂಟೆಯೊಳಗೆ ತೆಗೆದುಕೊಂಡರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕಷಾಯ ಕುಡಿಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಉಸಿರು ಮೇಲೆ ಮೇಲೆ ಬರುತ್ತಿದ್ದರೆ, ತುಟಿ ನೀಲಿಯಾದರೆ, ಇಳಿದ ಜ್ವರ ಮತ್ತೆ ಜೋರಾಗಿ ಏರಿದರೆ ಕಷಾಯದ ಲೋಟ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೊರಡಬೇಕು.

ಈಗ ಈ ಲೇಖನ ಓದುವ ಹೊತ್ತಿಗೆ ಮುಂಗಾರು ಕಳೆದು ಚಳಿ ಬಂದಾಗಿದ್ದರೆ? ಅಪಾಯದ ಗುಂಪಿನವರು ಈ ವರ್ಷ ಹಾಕಿಸಿಕೊಂಡೇ ಇಲ್ಲವಾದರೆ ಈಗಲೂ ಹಾಕಿಸಿಕೊಳ್ಳಬಹುದು, ಸಂಕ್ರಾಂತಿಯ ನಂತರದ ಏರಿಗೆ ಅದು ಒದಗುತ್ತದೆ. ಮಕ್ಕಳ ಮನೆಗೆಂದು ನವೆಂಬರ್‌ನಲ್ಲಿ ಅಮೆರಿಕಕ್ಕೆ ಹೊರಟ ಹಿರಿಯರು ವಿಮಾನ ಹತ್ತುವ ಎರಡು ವಾರ ಮೊದಲು, ಆ ವರ್ಷದ ಉತ್ತರಾರ್ಧಗೋಳದ ಲಸಿಕೆ ಬಂದಿದೆಯೇ ಎಂದು ಇಲ್ಲೇ ಕೇಳಿ ಹಾಕಿಸಿಕೊಳ್ಳುವುದು ಮೇಲು. ಮೇ ತಿಂಗಳಲ್ಲಿ ಒಂದು ಹಾಕಿಸಿಕೊಂಡಿದ್ದವರೂ ವೈದ್ಯರನ್ನು ಕೇಳಿ ಇದನ್ನೂ ಹಾಕಿಸಿಕೊಳ್ಳಬಹುದು. ಅಲ್ಲಿ ಹೋಗಿ ಹಾಕಿಸಿಕೊಂಡರಾಯಿತು ಎಂದುಕೊಂಡರೆ, ಊರಿಗೆಲ್ಲ ಬಿಟ್ಟಿ ಎಂದು ಮಗ ಹೇಳುವ ಆ ಇಂಜೆಕ್ಷನ್ನಿಗೆ ಪ್ರವಾಸಿ ವಿಮೆಯವರು ಹಣ ಕೊಡದೆಯೂ ಇರಬಹುದು. ಎಲ್ಲಿ ಹಾಕಿಸಿಕೊಂಡರೂ ಸೂಜಿ ಚುಚ್ಚುವ ಮೊದಲು ಡಬ್ಬಿಯನ್ನು ಕೈಗೆ ಕೊಡಿ ಎಂದು ಕೇಳಿ. ಯಾವ ಅರ್ಧಗೋಳ, ಯಾವ ವರ್ಷದ್ದು ಮತ್ತು ಯಾವ ತಿಂಗಳಿಗೆ ಅವಧಿ ಮುಗಿಯುತ್ತದೆ ಎಂದು ನೋಡಿಕೊಳ್ಳಿ. ಮೇ ತಿಂಗಳಲ್ಲಿ ಕಳೆದ ಸಾಲಿನ ಉಳಿಕೆ ಮಾಲು ಫ್ರಿಜ್ಜಿನ ಮೂಲೆಯಲ್ಲಿ ಕೂತಿರುವುದುಂಟು, ಹಣವಂತೂ ಎರಡಕ್ಕೂ ಅಷ್ಟೇ ತೆಗೆದುಕೊಳ್ಳುತ್ತಾರೆ.